ಚೌಕಟ್ಟಯ್ಯನ ಮನೆ ಜರುಗಿದ ಪ್ರಸಂಗ

ಲೋಕದಲ್ಲಿ ಕೆಲವರಿಗೆ ಅನ್ಯಾಯ ಕಂಡರೆ ಆಗುವುದಿಲ್ಲ. ಕೆಲವರಿಗೆ ಬಡವರ ಕಣ್ಣೀರು ಕಂಡರೆ ಆಗುವುದಿಲ್ಲ. ಚೌಕಟ್ಟಯ್ಯನಿಗೆ ಸೊಟ್ಟಗಿರುವುದು ಕಂಡರೆ ಆಗುತ್ತಿರಲಿಲ್ಲ. ಮೊದಲಿನ ಎರಡು ಬಗೆಯವರು ಮಹಾತ್ಮರಾಗುತ್ತಾರೆ. ಮೂರನೆಯ ಬಗೆಯವನು ಏನಾಗುತ್ತಾನೆ ಎಂಬುದನ್ನು ತಿಳಿಯಬೇಕಾದರೆ ಈ ಕಥೆಯನ್ನು ಓದಬೇಕು.

ಅವನ ಕಸುಬು ಪಟಗಳಿಗೆ ಕಟ್ಟು ಹಾಕುವುದು. ಮನೆಯ ಮುಂಭಾಗವೇ ಅಂಗಡಿ. ಒಳಗೆ ಮರದ ಪಟ್ಟಿಗಳು, ಗಾಜು, ಅಂಟು, ಮೊಳೆ; ಅವುಗಳ ಹಿಂದೆ ಹೆಂಡತಿ, ಒಲೆ, ಮಂಚ. ಹುಟ್ಟಿದಾಗ ಇಟ್ಟ ಹೆಸರನ್ನು ಅವನ ಹೆಂಡತಿಯೂ ಮರೆತಿದ್ದಳು. ಬೀದಿಗೆಲ್ಲ ಅವನು ಚೌಕಟ್ಟಯ್ಯ. ಯಾರ ಮನೆಗೆ ಹೋದರೂ ಮೊದಲು ಗೋಡೆಯನ್ನು ನೋಡುವನು, ಆಮೇಲೆ ಮನುಷ್ಯರನ್ನು. ಹಲ್ಲು ಕೀಳಿಸಿಕೊಳ್ಳಲು ಹೋದವನು ಬಾಯಿ ತೆರೆದುಕೊಂಡೇ ಎದ್ದು ವೈದ್ಯರ ಪದವಿಪತ್ರವನ್ನು ನೆಟ್ಟಗೆ ಮಾಡಿ ಬಂದು ಕುಳಿತಿದ್ದ. ಬೀಗದಂಗಡಿಯವನು ತೀರಿಕೊಂಡಾಗ ಸಮಾಧಾನ ಹೇಳಲು ಹೋಗಿ, ಅವನ ವಿಧವೆ "ಹೇಗಿದ್ದವರು ಹೇಗಾಗಿಹೋದರು!" ಎಂದು ಗೋಳಿಡುತ್ತಿರುವಾಗ, "ಸ್ವಲ್ಪ ಎಡಕ್ಕೆ ವಾಲಿದ್ದಾರೆ ತಾಯಿ, ಈಗ ಸರಿ ಮಾಡ್ತೀನಿ" ಎಂದು ಸತ್ತವನ ಪಟಕ್ಕೆ ಕೈ ಹಾಕಿದ್ದ. ಅಂದಿನಿಂದ ಹೆಂಡತಿ ಅವನನ್ನು ಸಾವಿನ ಮನೆಗೆ ಒಬ್ಬನನ್ನೇ ಕಳಿಸುತ್ತಿರಲಿಲ್ಲ.

ಹೀಗಿರುವಾಗ ಅವರ ಬೀದಿಯ ಕೆಳಗೆ ರೈಲು ಬರುವುದೆಂದಾಯಿತು.

ಮೇಲಿನಿಂದ ಬಂದಿದ್ದರೆ ಜನ ನೋಡಿ ಸಂತೋಷಪಡಬಹುದಿತ್ತು. ಇದು ಕೆಳಗಿನಿಂದ ಬರುತ್ತಿತ್ತು. ನೆಲದೊಳಗೆ ಎಲ್ಲೋ ಒಂದು ಯಂತ್ರ ಮಣ್ಣನ್ನು ತಿನ್ನುತ್ತ, ಕಲ್ಲನ್ನು ಅಗಿಯುತ್ತ ಮುಂದೆ ಬರುತ್ತಿದೆ ಎಂದರು. ಅದನ್ನು ಬೀದಿಯವರು ಯಾರೂ ಕಂಡಿರಲಿಲ್ಲ. ಕಣ್ಣಿಗೆ ಕಾಣದಿದ್ದರೂ ಇದೆಯೆಂದು ಅವರೆಲ್ಲರೂ ಒಪ್ಪಿದ್ದು, ಭಗವಂತನನ್ನು ಬಿಟ್ಟರೆ ಅದೊಂದನ್ನೇ. ಭಗವಂತನ ವಿಷಯದಲ್ಲಾದರೂ ಒಬ್ಬಿಬ್ಬರಿಗೆ ಅನುಮಾನವಿತ್ತು. ಯಂತ್ರದ ವಿಷಯದಲ್ಲಿ ಯಾರಿಗೂ ಇರಲಿಲ್ಲ. ಹಗಲೂ ರಾತ್ರಿ ಗುಂಯ್ ಎಂಬ ಸದ್ದು. ಅಂಗಾಲಿನಲ್ಲಿ ಹೊಕ್ಕು ದವಡೆಯಲ್ಲಿ ಹೊರಡುವ ಸದ್ದು. ಲೋಟದ ನೀರು ತಾನೇ ನಡುಗುವುದು. ಬಾಗಿಲ ಚಿಲಕ ಯಾರೂ ಬಾರದಿದ್ದರೂ ಕಟಕಟ ಎನ್ನುವುದು. "ಯಾರು?" ಎಂದು ಕೂಗಿ ಕೂಗಿ ಜನರಿಗೆ ಬೇಸರವಾಗಿ, ಕಡೆಗೆ ನಿಜವಾಗಿ ನೆಂಟರು ಬಂದರೂ ಬಾಗಿಲು ತೆಗೆಯುವುದನ್ನು ಬಿಟ್ಟರು. ಇದೊಂದು ಲಾಭವೆಂದು ಕೆಲವರು ಹೇಳಿದ್ದುಂಟು.

ರೈಲಿನ ಕಚೇರಿಯವರು ಮನುಷ್ಯತ್ವ ಇಲ್ಲದವರಲ್ಲ. ನೆರೆಹೊರೆಯವರ ತೊಂದರೆಯನ್ನು ನೋಡಿಕೊಳ್ಳಲೆಂದೇ ಒಬ್ಬ ಅಧಿಕಾರಿಯನ್ನು ನೇಮಿಸಿದ್ದರು. ಆತನ ಮುಖದಲ್ಲಿ ನಗು ಅಂಟಿಸಿದ ಹಾಗೆ ಇರುತ್ತಿತ್ತು. "ನಿಮ್ಮ ಸಹನೆಯೇ ನಮ್ಮ ಅಡಿಪಾಯ" ಎಂದು ಬರೆದ ಹಲಗೆಯನ್ನು ಬೀದಿಯ ಎರಡು ತುದಿಗೂ ನೆಡಿಸಿದ್ದರಿಂದ ಜನ ಆತನನ್ನು ಸಹನೆ ಸಾಹೇಬರು ಎಂದು ಕರೆದರು. ಸಾಹೇಬರು ಬೀದಿಯಲ್ಲಿಯೇ ಕುರ್ಚಿ ಹಾಕಿಸಿ ಸಭೆ ಕರೆದರು.

ಮೊದಲು ಎದ್ದವನು ಕ್ಷೌರದವನು. ಎಲ್ಲಿಯೇ ಆಗಲಿ ಮೊದಲು ಮಾತಾಡದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. "ಸ್ವಾಮಿ, ನಮ್ಮಂಗಡಿಗೆ ಬಂದೋರು ಗಡ್ಡ ಬಿಟ್ಟು ಹೋಗ್ತಿದ್ರು. ಈಗ ಕತ್ತಿ ಹಿಡಿದ್ರೆ ಕೈ ಕುಣಿಯುತ್ತೆ. ಕಿವಿ ಬಿಟ್ಟು ಹೋಗ್ತಾರೇನೋ ಅಂತ ಭಯ."

"ಗಮನಕ್ಕೆ ತೆಗೆದುಕೊಂಡೆವು," ಎಂದರು ಸಾಹೇಬರು.

ಇಸ್ತ್ರಿಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನನ್ನ ಇಸ್ತ್ರಿಪೆಟ್ಟಿಗೆ ತಾನಾಗೇ ಮೇಜಿನ ಮೇಲೆ ನಡ್ಕೊಂಡು ಹೋಗುತ್ತೆ. ನಾನು ಅಂಗಿ ಹಿಡ್ಕೊಂಡು ಅದರ ಹಿಂದೆ ಓಡ್ಬೇಕು. ಇದಕ್ಕೇನ್ ಹೇಳ್ತೀರಿ?"

"ಗಮನಕ್ಕೆ ತೆಗೆದುಕೊಂಡೆವು ಅಮ್ಮ."

"ತಗೊಂಡು ಎಲ್ಲಿ ಇಡ್ತೀರಿ? ನಮಗೂ ತೋರಿಸಿ!"

ನಗು ಎದ್ದಿತು. ನಗು ಇಳಿದ ಮೇಲೆ ಮೇಷ್ಟ್ರು ಎದ್ದರು. ಅವರದು ಚೌಕಟ್ಟಯ್ಯನ ಪಕ್ಕದ ಮನೆ. ಎರಡಕ್ಕೂ ನಡುವೆ ಗೋಡೆ ಒಂದೇ. ಶಾಲೆಯಲ್ಲಿ ಅವರ ಬೆತ್ತಕ್ಕಿಂತ ಅವರ ಸತ್ಯಕ್ಕೆ ಮಕ್ಕಳು ಹೆಚ್ಚು ಹೆದರುತ್ತಿದ್ದರು. ತಮ್ಮ ಗಡಿಯಾರ ನಿಧಾನವಾದ ದಿನ ತಡವಾಗಿ ಬಂದು, ಮಕ್ಕಳೆದುರು ತಾವೇ ಬೆಂಚಿನ ಮೇಲೆ ನಿಂತವರು ಅವರು.

"ನನ್ನ ಹೆಂಡತಿ ಹಾಸಿಗೆ ಹಿಡಿದಿದ್ದಾಳೆ," ಎಂದರು ಮೇಷ್ಟ್ರು. "ಇನ್ನು ಔಷಧಿ ಇಲ್ಲ, ನೆಮ್ಮದಿಯಾಗಿ ಮಲಗಲಿ ಅಂದಿದ್ದಾರೆ ಡಾಕ್ಟರು. ಕಣ್ಣು ಮುಚ್ಚಿದ ಕೂಡಲೇ ಮಂಚ ನಡುಗುತ್ತೆ. ಬೆಚ್ಚಿ ಬೀಳ್ತಾಳೆ. ನನಗೆ ಬೇರೇನೂ ಬೇಡ. ಅವಳು ಇರೋ ತನಕ, ದಿನಕ್ಕೆ ಸ್ವಲ್ಪ ಹೊತ್ತು ಆ ಯಂತ್ರ ನಿಲ್ಲಿಸಿದ್ರೆ ಸಾಕು."

ಸಾಹೇಬರ ಮುಖದ ಮೇಲೆ ಅಂಟಿಸಿದ್ದ ನಗುವೂ ಒಂದು ಮೂಲೆಯಲ್ಲಿ ಬಿಟ್ಟುಕೊಂಡಿತು. "ಮೇಷ್ಟ್ರೇ, ನಿಮ್ಮ ನೋವು ನಮ್ಮ ನೋವು. ಆದರೆ ಅದು ಕಾಯಿಲೆಗೆ ನಿಲ್ಲೋ ಯಂತ್ರ ಅಲ್ಲ, ಮಳೆಗೂ ನಿಲ್ಲಲ್ಲ. ಮಂತ್ರಿಗಳು ಹೇಳಿದ್ರೂ ನಿಲ್ಲಲ್ಲ. ನಿಲ್ಲೋದು ಒಂದಕ್ಕೇ. ಮೇಲಿರೋ ಮನೆ ಏನಾದ್ರೂ ಜರುಗಿದ್ರೆ."

"ಹಾಗಾದ್ರೆ ಯಾರದಾದ್ರೂ ಮನೆ ಜರುಗ್ಲಪ್ಪಾ ದೇವ್ರೇ ಅಂತ ಬೇಡ್ಕೊಳ್ಳೋಣ ಬಿಡಿ!" ಎಂದ ಕ್ಷೌರದವನು.

ಎಲ್ಲರೂ ನಕ್ಕರು. ಮೇಷ್ಟ್ರು ಕುಳಿತುಕೊಂಡರು.

ಮನೆ ಜರುಗಿತೋ ಇಲ್ಲವೋ ಎಂದು ಕಂಡುಹಿಡಿಯಲು ಕಚೇರಿಯವರು ಬಿರುಕುಬಿಟ್ಟ ಗೋಡೆಗಳಿಗೆಲ್ಲ ಒಂದೊಂದು ಬಿರುಕುಮಾಪಕವನ್ನು ಅಂಟಿಸಿದರು. ಅದು ಗಾಜಿನಂತೆ ತಿಳಿಯಾದ ಎರಡು ಪಟ್ಟಿಗಳ ಸಾಧನ. ಒಂದನ್ನು ಬಿರುಕಿನ ಎಡಕ್ಕೆ ಅಂಟಿಸುತ್ತಾರೆ, ಇನ್ನೊಂದನ್ನು ಅದರ ಮೇಲೆ ಚಾಚಿಕೊಳ್ಳುವಂತೆ ಬಲಕ್ಕೆ. ಕೆಳಗಿನ ಪಟ್ಟಿಯಲ್ಲಿ ಸಣ್ಣ ಸಣ್ಣ ಚೌಕಗಳು, ಮೇಲಿನದರಲ್ಲಿ ಕೆಂಪು ಗೆರೆ. ಗೋಡೆ ಕೂದಲೆಳೆಯಷ್ಟು ಜರುಗಿದರೂ ಕೆಂಪು ಗೆರೆ ಚೌಕಗಳ ಮೇಲೆ ಜರುಗಿ ಚಾಡಿ ಹೇಳುತ್ತದೆ.

ಚೌಕಟ್ಟಯ್ಯನ ಅಂಗಡಿಯ ಗೋಡೆಯಲ್ಲಿಯೂ ಹಳೆಯ ಬಿರುಕೊಂದಿತ್ತು. ಅವನ ಮಾವ ಬದುಕಿದ್ದಾಗಿನಿಂದ ಇದ್ದದ್ದು. ಕಚೇರಿಯ ಅಳತೆಯವನು ಬಂದು ಬಾಯಲ್ಲಿ ಹಾಡು ಗುನುಗುತ್ತ, ಗೋಡೆಯ ನಟ್ಟನಡುವೆ, ಗಿರಾಕಿಯ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ ಅದನ್ನು ಅಂಟಿಸಿ ಹೋದ.

ಸೊಟ್ಟಗೆ ಅಂಟಿಸಿ ಹೋದ.

ಆ ದಿನ ಚೌಕಟ್ಟಯ್ಯ ಊಟಕ್ಕೆ ಗೋಡೆಗೆ ಬೆನ್ನು ಮಾಡಿ ಕುಳಿತ. ಬೆನ್ನಿಗೂ ಕಂಡಿತು. ಮರುದಿನ ಅದರ ಮೇಲೆ ಟವೆಲು ತೂಗುಹಾಕಿದ. ಟವೆಲಿನ ಕೆಳಗೆ ಸೊಟ್ಟಗಿದೆ ಎಂಬುದು ಗೊತ್ತಿತ್ತಲ್ಲ! ಗಿರಾಕಿಯೊಬ್ಬ ಬಂದು, "ಏನಯ್ಯಾ, ಊರಿನ ಪಟಗಳನ್ನೆಲ್ಲ ನೆಟ್ಟಗೆ ಮಾಡೋನು ನಿನ್ನ ಗೋಡೆಯದೇ ಸೊಟ್ಟ ಇಟ್ಕೊಂಡಿದ್ದೀಯಲ್ಲ" ಎಂದು ನಗೆಯಾಡಿ ಹೋದ ಮೇಲೆ ಅವನ ಕೈ ತಾನೇ ಎದ್ದಿತು.

"ಅದನ್ನ ಮುಟ್ಟಿದ್ರೆ ನೋಡಿ!" ಎಂದಳು ಹೆಂಡತಿ ಒಳಗಿನಿಂದ. ಅವಳಿಗೆ ಗೋಡೆಯಾಚೆಯಿಂದಲೂ ಗಂಡನ ಕೈ ಕಾಣುತ್ತಿತ್ತು.

"ಮುಟ್ಟಿದವರು ಯಾರೇ? ನೊಣ ಓಡಿಸ್ತಿದ್ದೆ."

ಅವಳು ಸಾಮಾನು ತರಲು ಪೇಟೆಗೆ ಹೋದಳು. ಮನುಷ್ಯನ ಪತನವೆಲ್ಲ ಹೆಂಡತಿ ಪೇಟೆಗೆ ಹೋದಾಗಲೇ ಆಗುವುದು. ಚೌಕಟ್ಟಯ್ಯ ಕದ ಮುಂದೆ ಮಾಡಿ, ರಸಮಟ್ಟದ ಕೊಳವೆ ತಂದು, ತೆಳ್ಳಗಿನ ಉಳಿಯಿಂದ ಮೇಲಿನ ಪಟ್ಟಿಯನ್ನು ಮಗುವಿನ ಹಣೆಯ ಕೂದಲು ಸರಿಸುವಷ್ಟು ಮೆತ್ತಗೆ ಎಬ್ಬಿಸಿದ. ಅಂಟು ಸವರಿ ನೆಟ್ಟಗೆ ಕೂರಿಸಿದ. ರಸಮಟ್ಟದ ಗುಳ್ಳೆ ನಡುವೆ ಬಂದು ನಿಂತಿತು. ಆಮೇಲೆ ಕೆಳಗಿನ ಪಟ್ಟಿಗೆ ಕೈ ಹಾಕಿದ. ಅದು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. "ಹೋಗ್ಲಿ, ಒಂದಾದ್ರೂ ನೆಟ್ಟಗಾಯ್ತಲ್ಲ" ಎಂದುಕೊಂಡು ಕೈ ತೊಳೆದ. ಅಂದು ಎರಡು ಹೊತ್ತಿನ ಊಟವನ್ನು ಒಂದೇ ಹೊತ್ತಿಗೆ ಮಾಡಿದ.

ಅಳತೆಯವನು ಮರಳಿ ಬಂದಾಗಲೂ ಹಾಡು ಗುನುಗುತ್ತಿದ್ದ. ಗೋಡೆಯ ಮುಂದೆ ನಿಂತ. ಹಾಡು ಅರ್ಧಕ್ಕೆ ನಿಂತಿತು. ಕನ್ನಡಕ ಒರೆಸಿ ಮತ್ತೆ ನೋಡಿದ. ಚಾವಣಿ ನೋಡಿದ, ನೆಲ ನೋಡಿದ, ಚೌಕಟ್ಟಯ್ಯನ ಮುಖ ನೋಡಿದ. ಕೆಂಪು ಗೆರೆ ಹೋಗಬಾರದಷ್ಟು ದೂರ ಹೋಗಿ, ಮೇಲಾಗಿ ತಿರುಗಿ ನಿಂತಿತ್ತು.

"ರಾತ್ರಿ ಏನಾದ್ರೂ ಸದ್ದಾಯ್ತಾ ಯಜಮಾನ್ರೇ?" ಎಂದು ಪಿಸುಗುಟ್ಟಿದ.

"ಸದ್ದು ದಿನಾ ಆಗ್ತಿದೆಯಲ್ಲಪ್ಪಾ."

"ಮೆಲ್ಲಗೆ ಮಾತಾಡಿ! ಗೋಡೆಗೆ ತಗಲುತ್ತೆ," ಎಂದವನೇ ತುದಿಗಾಲಲ್ಲಿ ಹೊಸಿಲು ದಾಟಿ, ಬೀದಿಗೆ ಬಿದ್ದ ಕೂಡಲೇ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದ.

ಚೌಕಟ್ಟಯ್ಯ ಇದನ್ನು ಯೋಚಿಸಿ ಮುಗಿಸುವ ಮೊದಲೇ ಯಂತ್ರ ನಿಂತಿತು.

ಸದ್ದು ಬಂದಾಗ ಹೆದರಿದ್ದ ಬೀದಿ, ಸದ್ದು ನಿಂತಾಗ ಅದಕ್ಕಿಂತ ಹೆಚ್ಚು ಹೆದರಿತು. ಎಲ್ಲರೂ ಮನೆಯಿಂದ ಹೊರಗೆ ಬಂದರು. ಕ್ಷೌರದವನು ಸೋಪು ಬಳಿದ ಗಿರಾಕಿಯ ಜೊತೆಗೇ ಬಂದ. ಇಸ್ತ್ರಿಯಮ್ಮ "ನನ್ನ ಕಿವಿ ಹೋಯ್ತು!" ಎಂದು ಚೀರಿದಳು, ತನ್ನ ಚೀರು ತನಗೇ ಕೇಳಿದ ಮೇಲೆ ಸುಮ್ಮನಾದಳು. ಎಲ್ಲಿಯೋ ಒಂದು ಕಾಗೆ ಕೂಗಿತು. ಬಹಳ ದಿನದಿಂದ ಅದೂ ಕೂಗುತ್ತಲೇ ಇದ್ದಿರಬೇಕು.

ಸಹನೆ ಸಾಹೇಬರು ಏದುಸಿರು ಬಿಡುತ್ತ ಬಂದರು. "ಯಾರೂ ಗಾಬರಿಯಾಗಬೇಡಿ. ಈ ಮನೆ ಜರುಗಿದೆ."

"ನಮ್ಮದೇ?" ಎಂದ ಚೌಕಟ್ಟಯ್ಯ.

"ನಿಮ್ಮದೇ. ಧೈರ್ಯವಾಗಿರಿ."

ಚೌಕಟ್ಟಯ್ಯ ಬಾಯಿ ತೆರೆದ. "ಅಲ್ಲ ಸ್ವಾಮಿ, ಅದು ನಾನು..." ಎನ್ನುವಷ್ಟರಲ್ಲಿ ಕ್ಷೌರದವನು ಅವನನ್ನು ತಬ್ಬಿಕೊಂಡ. "ಚೌಕಟ್ಟಯ್ಯಾ, ನಿನ್ನ ಮನೆ ನಮ್ಮೆಲ್ಲರನ್ನೂ ಕಾಪಾಡ್ತಲ್ಲಯ್ಯಾ!" ಸೋಪು ಬಳಿದ ಗಿರಾಕಿಯೂ ತಬ್ಬಿಕೊಂಡ. ಸೋಪು ಬಾಯಿಗೆ ಹೋಗಿ ಮಾತು ಒಳಗೇ ಉಳಿಯಿತು.

ಆ ಮಾತು ಮರಳಿ ಹೊರಡಬೇಕೆನ್ನುವಾಗ ಮೇಷ್ಟ್ರು ಬಂದರು. ಬರಿಗಾಲಿನಲ್ಲಿ ಬಂದಿದ್ದರು. ಬಂದು ಅವನ ಎರಡು ಕೈಗಳನ್ನೂ ಹಿಡಿದುಕೊಂಡರು.

"ಮಲಗಿದ್ದಾಳೆ," ಎಂದರು. "ಬೆಚ್ಚಿ ಬೀಳದೆ ಮಲಗಿದ್ದಾಳೆ. ನಿಮ್ಮ ಮನೆ ಅಲ್ಲಾಡ್ತು, ನಮ್ಮ ಮನೆ ನಿಂತ್ಕೊಳ್ತು. ಇದಕ್ಕೆ ನಾನು ಅಳಬೇಕೋ ನಗಬೇಕೋ ಗೊತ್ತಾಗ್ತಿಲ್ಲ."

ಚೌಕಟ್ಟಯ್ಯ ಸೋಪನ್ನು ನುಂಗಿದ. ಜೊತೆಗೆ ಮಾತನ್ನೂ ನುಂಗಿದ.

ಹೆಂಡತಿಯ ಎದುರು ಮಾತ್ರ ನುಂಗಲಾಗಲಿಲ್ಲ. ಅವಳು ಗೋಡೆಯನ್ನು ಒಮ್ಮೆ ನೋಡಿದಳು, ಗಂಡನ ಉಗುರಿನಲ್ಲಿದ್ದ ಅಂಟನ್ನು ಒಮ್ಮೆ ನೋಡಿದಳು. "ನೀವೇ ತಾನೇ?"

"ಸ್ವಲ್ಪ ನೆಟ್ಟಗೆ ಮಾಡಿದೆ ಅಷ್ಟೇ ಕಣೇ."

"ಅಯ್ಯೋ ನನ್ನ ಕರ್ಮವೇ! ಈಗಲೇ ಹೋಗಿ ಹೇಳಿ."

"ಹೇಳ್ತೀನಿ. ಆದ್ರೆ ಪಾಪ, ಮೇಷ್ಟ್ರ ಮನೆಯೋರು ಮಲಗಿದ್ದಾರೆ. ಏಳಲಿ."

ಮೇಷ್ಟ್ರ ಮನೆಯವರು ಎದ್ದರು. ಎದ್ದು ಗಂಡನ ಹತ್ತಿರ ಮಾತಾಡಿದರು. ಗೋಡೆ ಒಂದೇ ಆಗಿದ್ದರಿಂದ ಚೌಕಟ್ಟಯ್ಯನಿಗೆ ಆ ದನಿ ಮಾತ್ರ ಕೇಳುತ್ತಿತ್ತು, ಮಾತಲ್ಲ. ಸಣ್ಣ ದನಿ, ನಡುನಡುವೆ ಮೇಷ್ಟ್ರ ನಗು. ಮೇಷ್ಟ್ರು ನಗುತ್ತಾರೆಂಬುದೇ ಅವನಿಗೆ ಗೊತ್ತಿರಲಿಲ್ಲ. "ಮಾತು ಮುಗೀಲಿ, ಆಮೇಲೆ ಹೇಳ್ತೀನಿ" ಎಂದು ಹೆಂಡತಿಗೆ ಹೇಳಿದ. ಮಾತು ಮುಗಿಯಲಿಲ್ಲ. ಒಂದು ಆಯುಷ್ಯದ ಮಾತು ಬಾಕಿ ಇದ್ದ ಹಾಗಿತ್ತು.

ಕಡೆಗೊಮ್ಮೆ ನೋಡಿ ಬರೋಣವೆಂದು ಹೋದ. ಆಕೆ ದಿಂಬಿಗೆ ಒರಗಿ ಕುಳಿತಿದ್ದರು. ದಿಂಬಿಗಿಂತ ಹಗುರವಾಗಿ ಕಾಣುತ್ತಿದ್ದರು.

"ಬನ್ನಿಯಪ್ಪಾ. ನಿಮ್ಮ ಮನೆ ಬೀಳಲಿ ಅಂತ ನಾನು ಬೇಡ್ಕೊಳ್ಳಲಿಲ್ಲ, ನಂಬಿ. ಸದ್ದು ನಿಲ್ಲಲಿ ಅಂತ ಅಷ್ಟೇ ಬೇಡ್ಕೊಂಡೆ. ಭಗವಂತ ವಯಸ್ಸಾದೋನು, ಕೇಳಿದ್ದೊಂದು, ಕೊಟ್ಟಿದ್ದೊಂದು."

"ಮನೆಗೇನೂ ಆಗಿಲ್ಲ ತಾಯಿ," ಎಂದ ಚೌಕಟ್ಟಯ್ಯ. ಅದು ಅವನು ಆ ದಿನಗಳಲ್ಲಿ ಆಡಿದ ಒಂದೇ ಪೂರ್ತಿ ಸತ್ಯ. ಆಕೆ ಅದನ್ನು ಅವನ ದೊಡ್ಡತನವೆಂದು ತಿಳಿದು ಕಣ್ಣೊರೆಸಿಕೊಂಡರು.

ಅತ್ತ ಕಚೇರಿಯಿಂದ ಭೂಮಿಯ ವಿದ್ಯೆ ಕಲಿತ ದೊಡ್ಡ ಎಂಜಿನಿಯರರು ಬಂದರು. ಅವರು ಮಾತಾಡುವಾಗ ಕಣ್ಣು ಮುಚ್ಚುತ್ತಿದ್ದರು. ಒಳಗೆ ಇನ್ನೊಂದು ಪುಸ್ತಕವಿರುವ ಹಾಗೆ. ಬೀದಿಯ ಉಳಿದ ಮಾಪಕಗಳನ್ನೆಲ್ಲ ನೋಡಿದರು. ಒಂದೂ ಜರುಗಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಅನುಮಾನಪಡುತ್ತಿದ್ದರು. ಆದರೆ ವಿದ್ಯೆ ಹೆಚ್ಚಾದಂತೆ ಅನುಮಾನ ಕಡಿಮೆಯಾಗುತ್ತದೆ.

"ಅಕ್ಕಪಕ್ಕದ ಮನೆಗಳು ನಿಂತಿವೆ, ಇದೊಂದೇ ಜರುಗಿದೆ. ಅಂದರೆ ಇದರ ಕೆಳಗೆ ಟೊಳ್ಳಿದೆ. ಟೊಳ್ಳು ಅಂದರೆ ಹಳೆಯ ಬಾವಿ," ಎಂದು ಕಣ್ಣು ತೆರೆದರು. "ಇಲ್ಲಿ ಬಾವಿ ಇತ್ತೇ?"

ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಕಳಿಸುವುದು ಕ್ಷೌರದವನ ಕುಲಕ್ಕೇ ಒಗ್ಗದ್ದು. "ಇತ್ತು ಅಂತ ನಮ್ಮ ತಾತ ಹೇಳ್ತಿದ್ದ ಹಾಗೆ ನೆನಪು."

"ತಾತ ಯಾಕೆ, ನಮ್ಮತ್ತೆ ಹೇಳ್ತಿದ್ರಲ್ಲ," ಎಂದಳು ಇಸ್ತ್ರಿಯಮ್ಮ, ತಾನು ಹಿಂದೆ ಬೀಳಬಾರದೆಂದು. "ಅದರೊಳಗೆ ಅವರ ತಾಮ್ರದ ಬಿಂದಿಗೆ ಬಿದ್ದಿತ್ತು."

"ಬಿಂದಿಗೆ ತೆಗೆಯಕ್ಕೆ ಇಳಿದೋನು ನಮ್ಮ ತಾತಾನೇ!"

ಬೆಳಿಗ್ಗೆ ಇಲ್ಲದಿದ್ದ ಬಾವಿಗೆ ಸಂಜೆಯ ಹೊತ್ತಿಗೆ ಮೆಟ್ಟಿಲು, ರಾಟೆ, ಒಂದು ಮುದಿ ಆಮೆ ಎಲ್ಲವೂ ಬಂದವು. ನೀರು ಸಿಹಿಯೋ ಸಪ್ಪೆಯೋ ಎಂಬ ವಿಷಯದಲ್ಲಿ ಮಾತ್ರ ಜಗಳವಾಗಿ, ಇಬ್ಬರು ಮುದುಕರು ಮಾತು ಬಿಟ್ಟರು. ಚೌಕಟ್ಟಯ್ಯ ಎಲ್ಲರ ಮುಖವನ್ನೂ ಸರದಿಯಾಗಿ ನೋಡುತ್ತ ನಿಂತಿದ್ದ. "ನಮ್ಮ ಮಾವ ಈ ಬಾವಿಯ ಮಾತು ಒಂದು ದಿನವೂ ಎತ್ತಿರಲಿಲ್ಲವಲ್ಲ" ಎಂದು ನಿಧಾನವಾಗಿ ಹೇಳಿದ. "ಮುಚ್ಚಿಸಿದೋರು ಅವರೇ ಅಲ್ವಾ, ಯಾಕೆ ಎತ್ತುತ್ತಾರೆ?" ಎಂದು ಕ್ಷೌರದವನು ಕಣ್ಣು ಮಿಟುಕಿಸಿದ. ಸತ್ತು ಸ್ವರ್ಗದಲ್ಲಿದ್ದ ಮಾವ ಅಂದಿನಿಂದ ಬಾವಿಗಳ್ಳರಾದರು.

ಮುಂದಿನ ವಾರ ಸಹನೆ ಸಾಹೇಬರು ಬಂದು, ತಮ್ಮ ನಗುವನ್ನು ಮಡಿಸಿ ಒಳಗಿಟ್ಟು, ಹೇಳಿದರು: "ನಿಮ್ಮ ಮನೆಯನ್ನು ಬಿಚ್ಚಬೇಕು. ಬಾವಿ ತೆಗೆದು, ತುಂಬಿಸಿ, ಆಮೇಲೆ ಯಂತ್ರ ಮುಂದಕ್ಕೆ. ನಿಮಗೆ ಊರಾಚೆ ಬೇರೆ ಮನೆ ಕೊಡ್ತೀವಿ. ನೆರೆಯವರಿಗೆ ಸ್ವಲ್ಪವೂ ತೊಂದರೆಯಾಗದ ಹಾಗೆ, ಸುತ್ತಿಗೆ ಸದ್ದು ಬಾರದ ಹಾಗೆ, ಒಂದೊಂದೇ ಇಟ್ಟಿಗೆ ಕೈಯಲ್ಲಿ ಬಿಡಿಸ್ತೀವಿ. ಆ ವಿಷಯದಲ್ಲಿ ನಿಶ್ಚಿಂತೆಯಾಗಿರಿ."

ಚೌಕಟ್ಟಯ್ಯನ ಹೆಂಡತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಬೈಯಲಿಲ್ಲ. ಅವಳು ಬೈಯದೆ ನಿಂತದ್ದನ್ನು ಅವನು ಮದುವೆಯಾದ ಮೇಲೆ ಕಂಡದ್ದು ಅದೇ ಮೊದಲು. "ನಾನು ಸೊಸೆಯಾಗಿ ಹೋಗ್ಲಿಲ್ಲ, ನೀವೇ ಅಳಿಯನಾಗಿ ಬಂದ್ರಿ," ಎಂದಳು. "ಇದು ನಮ್ಮಪ್ಪ ಇಟ್ಟಿಗೆ ಹೊತ್ತು ಕಟ್ಟಿದ ಮನೆ. ನಾನು ಹುಟ್ಟಿದ್ದು ಆ ಕೋಣೆಯಲ್ಲಿ. ಈಗಲಾದ್ರೂ ಬಾಯಿ ಬಿಡ್ತೀರೋ ಇಲ್ವೋ?"

ಚೌಕಟ್ಟಯ್ಯ ಬಾಯಿ ಬಿಟ್ಟ.

"ಸ್ವಾಮಿ, ಮನೆ ಜರುಗಿಲ್ಲ. ಆ ಪಟ್ಟಿ ಸೊಟ್ಟಗಿತ್ತು. ನಾನು ಕಿತ್ತು ನೆಟ್ಟಗೆ ಹಚ್ಚಿದೆ. ಅಷ್ಟೇ ನಡೆದದ್ದು."

ಸಾಹೇಬರು ಅವನ ಬೆನ್ನು ಸವರಿದರು. "ನಮಗೆ ಈ ವಿಷಯದಲ್ಲಿ ತರಬೇತಿ ಕೊಟ್ಟಿದ್ದಾರೆ. ಮನೆ ಕಳ್ಕೊಳ್ಳೋರು ಮೊದಲು ಮನೆಗೆ ಏನೂ ಆಗಿಲ್ಲ ಅಂತಾರೆ. ಆಮೇಲೆ ತಪ್ಪು ನಂದೇ ಅಂತಾರೆ. ಆಮೇಲೆ ಒಪ್ಕೋತಾರೆ. ನೀವು ಎರಡನೇ ಮೆಟ್ಟಿಲಲ್ಲಿದ್ದೀರಿ. ಬೇಗ ಹತ್ತಿದ್ರಿ."

"ಮೆಟ್ಟಿಲೂ ಇಲ್ಲ, ಏಣಿಯೂ ಇಲ್ಲ ಸ್ವಾಮಿ! ಬೇಕಾದ್ರೆ ಮತ್ತೆ ಕಿತ್ತು ತೋರಿಸ್ತೀನಿ!"

ಗದ್ದಲ ಕೇಳಿ ಬೀದಿ ನೆರೆಯಿತು. ದೊಡ್ಡ ಎಂಜಿನಿಯರರೂ ಬಂದರು. ಎಲ್ಲವನ್ನೂ ಕೇಳಿ, ಕಣ್ಣು ಮುಚ್ಚಿ, ಒಳಗಿನ ಪುಸ್ತಕವನ್ನು ತಿರುವಿ ಕೇಳಿದರು: "ಪಟ್ಟಿಯನ್ನು ನೀವೇ ಕಿತ್ತು ಹಚ್ಚಿದ್ದಾದರೆ, ಬಾವಿ ಎಲ್ಲಿಂದ ಬಂತು?"

"ಬಾವಿಯೇ ಇಲ್ಲವಲ್ಲ!"

"ನನ್ನ ತಾತ ಸುಳ್ಳುಗಾರನೇನಯ್ಯಾ?" ಎಂದು ಕ್ಷೌರದವನು ತೋಳೇರಿಸಿದ. ತನ್ನ ಅತ್ತೆಯ ಬಿಂದಿಗೆಗಾಗಿ ಇಸ್ತ್ರಿಯಮ್ಮನೂ ಸೆರಗು ಬಿಗಿದಳು. ಸತ್ತ ಅತ್ತೆಯ ಪರವಾಗಿ ಸೊಸೆ ಜಗಳಕ್ಕೆ ನಿಂತದ್ದು ಬೀದಿಯ ಚರಿತ್ರೆಯಲ್ಲಿ ಅದೊಂದೇ ಸಲ.

ಚೌಕಟ್ಟಯ್ಯ ಸುತ್ತಲೂ ನೋಡಿದ. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತೆ ಪಕ್ಕದ ಬಾಗಿಲಲ್ಲಿ ಮೇಷ್ಟ್ರು ಕಂಡರು. ಅವನು ಹಿಂದುಮುಂದು ನೋಡದೆ ಕೂಗಿದ: "ಮೇಷ್ಟ್ರನ್ನ ಕೇಳಿ! ನಮ್ಮಿಬ್ಬರಿಗೂ ಗೋಡೆ ಒಂದೇ. ನಮ್ಮ ಮಾವ ಈ ಮನೆ ಕಟ್ಟುವಾಗ ಅವರು ಹುಡುಗ, ಎಲ್ಲ ನೋಡಿದ್ದಾರೆ. ಮೇಷ್ಟ್ರು ಹುಟ್ಟಿದ ಮೇಲೆ ಒಂದು ಸುಳ್ಳೂ ಹೇಳಿಲ್ಲ. ಅವರು ಇತ್ತು ಅಂದ್ರೆ ಇತ್ತು, ಇಲ್ಲ ಅಂದ್ರೆ ಇಲ್ಲ!"

ಇದಕ್ಕೆ ಯಾರೂ ಎದುರು ಹೇಳಲಿಲ್ಲ. ತೋಳೇರಿಸಿದವನು ತೋಳಿಳಿಸಿದ. ಬೀದಿಯೆಲ್ಲ ಆ ಬಾಗಿಲ ಕಡೆಗೆ ತಿರುಗಿತು.

"ಮೇಷ್ಟ್ರೇ, ಈ ಮನೆಯ ಕೆಳಗೆ ಬಾವಿ ಇತ್ತೇ?" ಎಂದು ದೊಡ್ಡ ಎಂಜಿನಿಯರರು ಕೇಳಿದರು. "ಇಲ್ಲ ಅಂದರೆ ಈಗಲೇ ಯಂತ್ರ ಶುರು ಮಾಡಿಸ್ತೀವಿ."

ಮೇಷ್ಟ್ರು ಒಂದು ಕೈಯಲ್ಲಿ ನೀರಿನ ಲೋಟ ಹಿಡಿದಿದ್ದರು. ಒಳಗಿನಿಂದ ಸಣ್ಣ ದನಿ "ಏನ್ರೀ ಅದು?" ಎಂದು ಕೇಳಿತು. "ಏನೂ ಇಲ್ಲ, ಮಲಕ್ಕೋ" ಎಂದರು. ಆಮೇಲೆ ಬಾಗಿಲನ್ನು ಹಿಂದಿನಿಂದ ಮೆಲ್ಲಗೆ ಎಳೆದುಕೊಂಡರು. ಲೋಟದ ನೀರು ನಡುಗಿತು. ಯಂತ್ರವೇನೋ ನಿಂತಿತ್ತು.

"ಇತ್ತು," ಎಂದರು ಮೇಷ್ಟ್ರು. "ನಾನು ನೋಡಿದ್ದೇನೆ."

ಚೌಕಟ್ಟಯ್ಯ ಅವರ ಮುಖ ನೋಡಿದ. ಮೇಷ್ಟ್ರು ಅವನ ಮುಖ ನೋಡಲಿಲ್ಲ. ತಪ್ಪು ಮಾಡಿದ ಹುಡುಗನ ಹಾಗೆ ತಮ್ಮ ಕಾಲ ಹೆಬ್ಬೆರಳನ್ನು ನೋಡುತ್ತಿದ್ದರು.

"ಈಗೇನು ಹೇಳ್ತೀರಿ?" ಎಂದರು ದೊಡ್ಡ ಎಂಜಿನಿಯರರು.

ಚೌಕಟ್ಟಯ್ಯ ಹೆಂಡತಿಯ ಕಡೆ ತಿರುಗಲಿಲ್ಲ, ತಿರುಗಿದ್ದರೆ ಹೇಳಲಾಗುತ್ತಿರಲಿಲ್ಲ. "ಮೇಷ್ಟ್ರು ಹೇಳಿದ ಮೇಲೆ ಇದ್ದೇ ಇರುತ್ತೆ ಬಿಡಿ," ಎಂದ.

"ಮೂರನೇ ಮೆಟ್ಟಿಲು!" ಎಂದು ಸಹನೆ ಸಾಹೇಬರು ಸಂತೋಷದಿಂದ ಅವನ ಕೈ ಕುಲುಕಿದರು.

ಮನೆ ಬಿಚ್ಚುವ ಅಪ್ಪಣೆ ಮೇಲಿನ ಕಚೇರಿಗೆ ಹೋಯಿತು. ಮೇಲಿನ ಕಚೇರಿಗೆ ಹೋದದ್ದು ದೇವರಿಗೆ ಸಲ್ಲಿಸಿದ ಪ್ರಾರ್ಥನೆಯಂತೆ. ಕೇಳಿದವರಿಗೆ ತಾಳ್ಮೆ ಇರಬೇಕು. ಅಲ್ಲಿಯತನಕ ಯಂತ್ರ ಕತ್ತಲಲ್ಲಿ ಸುಮ್ಮನೆ ನಿಂತಿತ್ತು. ಬೀದಿಯಲ್ಲಿ ಕತ್ತಿಗಳು ಸರಿಯಾಗಿ ಓಡಿದವು, ಇಸ್ತ್ರಿಪೆಟ್ಟಿಗೆ ಇದ್ದಲ್ಲಿಯೇ ಇತ್ತು. ಚೌಕಟ್ಟಯ್ಯನ ಹೆಂಡತಿ ಪಾತ್ರೆಗಳನ್ನು ಒಂದೊಂದಾಗಿ ಗೋಣಿಗೆ ತುಂಬಿದಳು. ಗಂಡನ ಹತ್ತಿರ ಮಾತಾಡಲಿಲ್ಲ. ಆದರೆ ಪಾತ್ರೆಗಳನ್ನು ಸದ್ದಾಗದಂತೆ, ಬಟ್ಟೆ ಸುತ್ತಿ ಇಡುತ್ತಿದ್ದಳು. ಗೋಡೆ ಒಂದೇ ಅಲ್ಲವೇ.

ಗೋಡೆಯಾಚೆಯ ಸಣ್ಣ ದನಿ ದಿನದಿನಕ್ಕೆ ಇನ್ನೂ ಸಣ್ಣದಾಯಿತು. ಒಂದು ಬೆಳಿಗ್ಗೆ ಮೇಷ್ಟ್ರ ದನಿ ಮಾತ್ರ ಕೇಳಿತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಸದ್ದಿಲ್ಲದ ಬೀದಿಯಲ್ಲಿ, ಮಲಗಿದ್ದ ಹಾಗೆಯೇ ಆಕೆ ಹೋಗಿಬಿಟ್ಟಿದ್ದರು. ಅಂತಹ ಸಾವನ್ನು ಕೊಡು ಎಂದು ನಾವೆಲ್ಲರೂ ಬೇಡುತ್ತೇವೆ. ಅದರ ಖರ್ಚು ಯಾರ ತಲೆಯ ಮೇಲೆ ಬರುತ್ತದೆಂದು ಬೇಡುವವರು ಕೇಳುವುದಿಲ್ಲ, ಕೊಡುವವನು ಹೇಳುವುದಿಲ್ಲ.

ಆಕೆಯನ್ನು ಕಳಿಸಿ ಬಂದ ಮೇಲೆ ಮೇಷ್ಟ್ರು ನೆಟ್ಟಗೆ ರೈಲಿನ ಕಚೇರಿಗೆ ನಡೆದರು. ತಡೆಯಲೆಂದು ಚೌಕಟ್ಟಯ್ಯ ಹಿಂದೆಯೇ ಓಡಿದ; ಅವರ ನಡಿಗೆಯ ಮುಂದೆ ಅವನ ಓಟ ಸಾಲಲಿಲ್ಲ.

"ನಾನು ಸುಳ್ಳು ಹೇಳಿದೆ," ಎಂದರು ಮೇಷ್ಟ್ರು, ಸಹನೆ ಸಾಹೇಬರ ಮೇಜಿನ ಮುಂದೆ ನಿಂತು. "ಅಲ್ಲಿ ಬಾವಿ ಇರಲಿಲ್ಲ. ಇವರ ಮನೆ ಇವರಿಗೆ ಬಿಡಿ. ಶಿಕ್ಷೆ ಏನಿದ್ರೂ ನನಗೆ ಕೊಡಿ."

ಸಾಹೇಬರು ಎದ್ದು ಬಂದು ಕುರ್ಚಿ ಎಳೆದು ಕೂರಿಸಿದರು. ನೀರು ಕೊಟ್ಟರು. ಅವರ ಕಣ್ಣಲ್ಲಿ ನಿಜವಾಗಿಯೇ ನೀರಿತ್ತು. "ಗೊತ್ತಾಗುತ್ತೆ ಮೇಷ್ಟ್ರೇ. ಇಂಥ ದುಃಖದಲ್ಲಿ ಮನುಷ್ಯನಿಗೆ ಕಂಡದ್ದೂ ಕಾಣದ ಹಾಗಾಗುತ್ತೆ. ನಿಮ್ಮಂಥೋರು ಸುಳ್ಳು ಹೇಳ್ತಾರೆ ಅಂದ್ರೆ ಈ ಊರಲ್ಲಿ ಯಾರು ನಂಬ್ತಾರೆ?"

"ನಾನು ಹೇಳ್ತಿದ್ದೀನಲ್ಲಪ್ಪಾ, ಸುಳ್ಳು ಹೇಳಿದೆ ಅಂತ!"

"ನೀವು ಸುಳ್ಳು ಹೇಳಲ್ಲ ಮೇಷ್ಟ್ರೇ," ಎಂದು ಸಾಹೇಬರು ಅವರ ಭುಜ ಒತ್ತಿದರು. "ಮನೆಗೆ ಹೋಗಿ ಮಲಗಿ."

ಇಬ್ಬರೂ ಮರಳಿ ಬಂದರು. ದಾರಿಯಲ್ಲಿ ಮೇಷ್ಟ್ರು, "ನಿಮ್ಮ ಮನೆ ನಾನು ಕಳೆದೆ" ಎಂದರು. "ಅಮ್ಮನವರು ಮಲಗಿದ್ರಲ್ಲ ಮೇಷ್ಟ್ರೇ" ಎಂದ ಚೌಕಟ್ಟಯ್ಯ.

ಅಪ್ಪಣೆ ಬಂದಿತು. ಸಹನೆ ಸಾಹೇಬರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಕೂಲಿಯವರು ಇಟ್ಟಿಗೆಗಳನ್ನು ಮೊಟ್ಟೆಯಂತೆ ಎತ್ತಿ ಬುಟ್ಟಿಗಿಟ್ಟರು. ಸದ್ದು ಆಗದಂತೆ ಯಾರಿಗಾಗಿ ನೋಡಿಕೊಳ್ಳಬೇಕಿತ್ತೋ ಅವರು ಈಗ ಇಲ್ಲವೆಂದು ಅವರಿಗೆ ಹೇಳುವವರು ಯಾರು? ಮನೆ ಹೋಗಿ ನೆಲ ಉಳಿಯಿತು. ನೆಲವನ್ನು ಅಗೆದರು. ಬಾವಿ ಸಿಗಲಿಲ್ಲ. "ಇನ್ನೂ ಕೆಳಗಿದೆ" ಎಂದರು ದೊಡ್ಡ ಎಂಜಿನಿಯರರು. ಆಳಕ್ಕೆ ಹೋದರು. ಸಿಗಲಿಲ್ಲ. "ಹಳೆಯ ಕಾಲದವರು ಆಳವಾಗಿಯೇ ತೋಡುತ್ತಿದ್ದರು." ಗುಂಡಗೆ, ನೆಟ್ಟಗೆ, ಒಬ್ಬರ ಮೇಲೊಬ್ಬರು ನಿಂತರೂ ಕಾಣದಷ್ಟು ಆಳಕ್ಕೆ ಅಗೆದರು. ಕಡೆಗೊಂದು ಮಧ್ಯಾಹ್ನ ಕೆಳಗಿನಿಂದ ಕೂಲಿಯವನು ಕೂಗಿದ. ಬೀದಿಯೆಲ್ಲ ಓಡಿತು.

ನೀರು ಬಂದಿತ್ತು.

"ನಾನು ಹೇಳಲಿಲ್ವೇ!" ಎಂದು ಕ್ಷೌರದವನು ಎದೆ ತಟ್ಟಿಕೊಂಡ. ಇಸ್ತ್ರಿಯಮ್ಮ ಬಿಂದಿಗೆ ಕಂಡರೆ ತನಗೇ ಸೇರಬೇಕೆಂದು ಕೂಲಿಯವರಿಗೆ ಮೊದಲೇ ಎಚ್ಚರಿಸಿದಳು. ದೊಡ್ಡ ಎಂಜಿನಿಯರರು ಕಣ್ಣು ಮುಚ್ಚಿಯೇ ಮುಗುಳ್ನಕ್ಕರು. ಮೇಷ್ಟ್ರು ಜನರ ಹಿಂದೆ ನಿಂತಿದ್ದರು. ಯಾರೋ ಅವರಿಗೆ ದಾರಿ ಮಾಡಿಕೊಟ್ಟು, "ನೀವು ಹೇಳಿದ ಹಾಗೇ ಆಯ್ತು ಮೇಷ್ಟ್ರೇ, ನಿಮ್ಮ ಮಾತು ಎಂದಾದ್ರೂ ಸುಳ್ಳಾಗಿದ್ಯಾ?" ಎಂದರು. ಮೇಷ್ಟ್ರು ಹಿಂದಕ್ಕೆ ಸರಿದು ತಮ್ಮ ಮನೆಯೊಳಗೆ ಹೋಗಿ ಕದ ಹಾಕಿಕೊಂಡರು.

ಚೌಕಟ್ಟಯ್ಯನ ಹೆಂಡತಿ ಅಂಚಿಗೆ ಹೋಗಿ ಬಗ್ಗಿ ನೋಡಿದಳು. ತಾನು ಹುಟ್ಟಿದ ಕೋಣೆ ಇದ್ದ ಜಾಗ ಅದು. ಬಹಳ ಹೊತ್ತು ನೋಡಿದಳು. ಆಮೇಲೆ ಎಷ್ಟೋ ದಿನಗಳಿಂದ ಆಡದವಳು ಗಂಡನ ಕಡೆ ತಿರುಗಿ ಮಾತಾಡಿದಳು.

"ನೀವು ಪಟ್ಟಿ ಕಿತ್ತಿದ್ದು ನಿಜ. ಆದ್ರೆ ಬಾವಿನೂ ಇತ್ತಲ್ಲರೀ! ಬೀದಿ ಕೊಳಾಯಿ ಮುಂದೆ ಕೊಡ ಇಟ್ಟು, ಸಾಲು ನಿಂತು, ಜಗಳ ಆಡಿ ನನ್ನ ಅರ್ಧ ಆಯುಷ್ಯ ಹೋಯ್ತು. ಕಾಲ ಕೆಳಗೇ ನೀರಿತ್ತು. ಅಪ್ಪನೂ ನನ್ನ ಹತ್ರ ಬಾಯಿ ಬಿಡಲಿಲ್ಲ, ಅಳಿಯನಿಗೆ ಹೇಳೇ ಇರ್ತಾರೆ. ನೀವಾದ್ರೂ ಒಂದು ಮಾತು ಹೇಳಬಾರದಿತ್ತಾ ನನಗೆ?"

ಚೌಕಟ್ಟಯ್ಯ ಮುಚ್ಚಿದ್ದ ಪಕ್ಕದ ಬಾಗಿಲನ್ನು ನೋಡಿದ. ಹೆಂಡತಿಯ ಮುಖವನ್ನು ನೋಡಿದ.

"ಮರೆತುಹೋಗಿತ್ತು ಕಣೇ," ಎಂದ.